ಮೊದಲ ಹತ್ತು ಮೀಟರ್ ರೈಫಲ್: ಯಾವ ಸಾಮಾನು ಛಲೋ, ಯಾವುದಕ್ಕೆ ರೊಕ್ಕ ದಂಡ

ಹುಬ್ಬಳ್ಳಿ-ಧಾರವಾಡದಲ್ಲಿ ಮಕ್ಕಳಿಗೆ ಮೊದಲ ಪೀಪ್ ಸೈಟ್ (ಸಣ್ಣ ತೂತಿನೊಳಗಿಂದ ಗುರಿ ನೋಡುವ) ಏರ್ ರೈಫಲ್ ಕೊಡಿಸಲು ಹೊರಟವರು ಕೇಳುವ ಮೊದಲ ಪ್ರಶ್ನೆ, "ವಾಲ್ಥರ್ ಛಲೋನೋ, ಫೈನ್‌ವೆರ್ಕ್‌ಬೌ ಛಲೋನೋ?" ಈ ಎರಡು ಜರ್ಮನ್ ಕಂಪನಿಗಳ ಪ್ರಶ್ನೆ ಮುಗಿಯುವ ಹೊತ್ತಿಗೆ ಬಜೆಟ್ಟಿನ ಮುಕ್ಕಾಲು ಪಾಲು ಹೆಸರಿಗೇ ಹೋಗಿರುತ್ತದೆ. ಉಳಿದ ಕಾಲು ಪಾಲಿನಲ್ಲಿ ಭುಜಕ್ಕೆ ಆನಿಸುವ ಬಟ್ ಪ್ಲೇಟು, ಗುರಿ ನೋಡುವ ಸೈಟು, ಗಾಳಿ ತುಂಬುವ ಸಾಮಾನು, ಜಾಕೆಟ್ಟು ಎಲ್ಲ ಹೊಂದಿಸಬೇಕು. ಕೊನೆಗೆ ಕೈಗೆ ಬರುವುದು ಭುಜಕ್ಕೂ ಕೆನ್ನೆಗೂ ಹೊಂದದ ದುಬಾರಿ ರೈಫಲ್.

ವಾಲ್ಥರ್ ಎಲ್‌ಜಿ400, ಫೈನ್‌ವೆರ್ಕ್‌ಬೌ 800, ಆನ್ಶುಟ್ಸ್ 9015, ಸ್ಟೈರ್ ಚಾಲೆಂಜ್: ಇವುಗಳಲ್ಲಿ ಯಾವುದನ್ನೇ ವೈಸ್‌ಗೆ ಬಿಗಿದು, ಬ್ಯಾರೆಲ್‌ಗೆ ಒಪ್ಪುವ ಪೆಲೆಟ್ ಹಾಕಿ ಹತ್ತು ಹೊಡೆತ ಹೊಡೆದರೂ ಎಲ್ಲ ಒಂದೇ ತೂತಿನಲ್ಲಿ ಕೂಡುತ್ತವೆ. ಹೊಸಬರ ಅಂಕ ತಿನ್ನುವುದು ಬ್ಯಾರೆಲ್ ಅಲ್ಲ. ಭುಜ ಕೂಡುವ ಜಾಗ, ಕೆನ್ನೆ ಒರಗುವ ಜಾಗ, ಕಣ್ಣು ನೋಡುವ ಜಾಗ, ಈ ಮೂರು. ರೊಕ್ಕ ಮೊದಲು ಅಲ್ಲಿಗೆ ಹೋಗಬೇಕು ಅನ್ನುವ ಲೆಕ್ಕದಲ್ಲೇ ಒಂದೊಂದು ಸಾಮಾನನ್ನು ಇಲ್ಲಿ ನೋಡಿದ್ದೇವೆ.

ಅದಕ್ಕೂ ಮೊದಲು ಕಾಯ್ದೆಯ ಮಾತು. "ಮನೆಯಲ್ಲೇ ಜೋಡಿಸಿದ ರೈಫಲ್" ಅಂದಾಗ ಅಮೆರಿಕದ ವಿಡಿಯೊ ನೋಡಿದವರ ತಲೆಯಲ್ಲಿ ಬೇರೆಯೇ ಚಿತ್ರ ಇರುತ್ತದೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸುವುದು, ಮಾರ್ಪಡಿಸುವುದು, ರಿಪೇರಿ ಮಾಡುವುದು, ಮಾರುವುದು ಅಪರಾಧ. ಪಾಯಿಂಟ್ 22 ರೈಫಲಿನ ಭಾಗಗಳನ್ನು ಮನೆಯಲ್ಲಿ ಕೂಡಿಸುವ ಮಾತೇ ಇಲ್ಲ. 0.177 ಇಂಚು, ಅಂದರೆ 4.5 ಮಿ.ಮೀ ಬೋರಿನ, 20 ಜೂಲ್ ಮೀರದ ಏರ್ ರೈಫಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳು ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿವೆ. ಹತ್ತು ಮೀಟರ್ ಮ್ಯಾಚ್ ರೈಫಲ್ ಈ ಮಿತಿಯ ಅರ್ಧಕ್ಕೂ ಕೆಳಗಿದೆ: 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 8 ಜೂಲ್. ಹಾಗಾಗಿ ಇಲ್ಲಿ ಜೋಡಣೆ ಅಂದರೆ ಸ್ಟಾಕಿನ (ರೈಫಲಿನ ಹಿಡಿಕೆಯ ಚೌಕಟ್ಟು) ಹೊರಗೆ ಅಲನ್ ಕೀ ಹಿಡಿದು ಕೂಡಿಸುವ, ಬಿಚ್ಚುವ ಸಾಮಾನು ಅಷ್ಟೇ. ವಾಲ್ವು, ಗಾಳಿಯ ಒತ್ತಡ ಸಮ ಇಡುವ ರೆಗ್ಯುಲೇಟರು, ಬ್ಯಾರೆಲ್ ಇವು ಕಂಪನಿಯ ಸರ್ವಿಸ್‌ನವರ ಕೆಲಸ. ವೇಗ ಹೆಚ್ಚಿಸುತ್ತೇನೆ ಅಂತ ವಾಲ್ವಿಗೆ ಕೈ ಹಾಕುವುದರಿಂದ ಅಂಕ ಹೆಚ್ಚುವುದಿಲ್ಲ, 20 ಜೂಲ್ ದಾಟಿದರೆ ವಿನಾಯಿತಿಯೂ ಹೋಗುತ್ತದೆ.

ಮೊದಲ ಆಯ್ಕೆ ಗಾಳಿಯದು. ಸ್ಪ್ರಿಂಗ್ ರೈಫಲ್ ಅಗ್ಗ. ಮಹಾರಾಷ್ಟ್ರದ ಪ್ರಿಸಿಹೋಲ್‌ನಂಥ ನಮ್ಮ ದೇಶದ ಕಂಪನಿಗಳ ರೈಫಲು ತೂತಿಲ್ಲದ ಸಾದಾ ಸೈಟಿನ, ಅಂದರೆ ಓಪನ್ ಸೈಟ್ ಸ್ಪರ್ಧೆಗೆ, ಕೈ ಪಳಗಿಸುವುದಕ್ಕೆ ನಡೆಯುತ್ತವೆ. ಆದರೆ ಸ್ಪ್ರಿಂಗ್ ಚಿಮ್ಮಿದಾಗ ಪೆಲೆಟ್ ಬ್ಯಾರೆಲ್‌ನಲ್ಲಿ ಇರುವಾಗಲೇ ರೈಫಲ್ ಅಲುಗುತ್ತದೆ, ಹಿಡಿತ ಚೂರು ಬದಲಾದರೂ ಹೊಡೆತ ಬೇರೆ ಕಡೆ ಬೀಳುತ್ತದೆ. ಆರು ತಿಂಗಳು ಕಲಿತ ಮೇಲೆ ಅದು ಸಾಕಾಗುವುದಿಲ್ಲ.

ಸಂಕುಚಿತ ಗಾಳಿಯ ಸಿಲಿಂಡರ್ ಇರುವ ಪಿಸಿಪಿ ಇವತ್ತಿನ ರೂಢಿ. ಹ್ಯಾಮರ್ಲಿ ಎಆರ್20 ಇವುಗಳಲ್ಲಿ ಆರಂಭದ ಮೆಟ್ಟಿಲು. ಅಲ್ಯುಮಿನಿಯಂ ಸ್ಟಾಕು, ಕಡಿಮೆ ತೂಕ, ನಂಬಬಹುದಾದ ಬ್ಯಾರೆಲ್. ವಾಲ್ಥರ್ ಇರುವ ಊಮರೆಕ್ಸ್ ಗುಂಪಿನದೇ ಹ್ಯಾಮರ್ಲಿ. ಬಟ್ ಪ್ಲೇಟಿನ ಹೊಂದಾಣಿಕೆ ಮೇಲ್ದರ್ಜೆಯವುಗಳಷ್ಟು ಇಲ್ಲ, ಆದರೆ ಉಳಿಸಿದ ರೊಕ್ಕದಲ್ಲಿ ಬೇರೆ ಬಟ್ ಪ್ಲೇಟ್ ಹಾಕಿಸಬಹುದು. ನಮ್ಮ ಮಟ್ಟಿಗೆ ಇದು ಮೊದಲ ಆಯ್ಕೆ.

ಎರಡನೆಯದು ಅಷ್ಟಾಗಿ ಯಾರೂ ಹೇಳದ್ದು: ಹಳೆಯ ಸೈಡ್ ಲಿವರ್ ರೈಫಲ್. ಫೈನ್‌ವೆರ್ಕ್‌ಬೌ 601, 602, 603, ಆನ್ಶುಟ್ಸ್ 2002ರ ಹಳೆಯ ಮಾದರಿ. ಬಾಜೂಕಿನ ಲಿವರನ್ನು ಒಮ್ಮೆ ಎಳೆದು ಮುಚ್ಚಿದರೆ ಒಂದು ಹೊಡೆತಕ್ಕೆ ಬೇಕಾದ ಗಾಳಿ ತಾನೇ ಕೂಡುತ್ತದೆ. ಸಿಲಿಂಡರಿಲ್ಲ, ಪಂಪಿಲ್ಲ, ತಾರೀಖು ಮುಗಿಯುವ ಭಯವಿಲ್ಲ. ಗದಗ, ಹಾವೇರಿ, ರಾಣೆಬೆನ್ನೂರಿನ ಹುಡುಗರಿಗೆ ಗಾಳಿ ತುಂಬಿಸಲು ಬಸ್ಸು ಹತ್ತಬೇಕಾದ ಪರಿಸ್ಥಿತಿಯಲ್ಲಿ ಇದು ಬಂಗಾರ. ನಿಖರತೆಯಲ್ಲಿ ಇವತ್ತಿನ ರೈಫಲಿಗಿಂತ ಹಿಂದೆ ಬಿದ್ದಿಲ್ಲ. ಕೊರತೆ ಎರಡು. ಹನ್ನೆರಡು-ಹದಿಮೂರರ ಮಕ್ಕಳಿಗೆ ಅರವತ್ತು ಹೊಡೆತದ ಜೊತೆಗೆ ಅರವತ್ತು ಸಲ ಲಿವರ್ ಎಳೆಯುವುದು ತೋಳಿಗೆ ಭಾರ. ಸೀಲು ಹಳತಾಗಿದ್ದರೆ ಒಂದು ಸರ್ತಿ ಬದಲಿಸಲೇಬೇಕು. ಲಿವರ್ ಎಳೆಯುವಾಗ ಒಂದೇ ಸಮ ಬಿಗಿ ಇರಬೇಕು, ಮುಚ್ಚುವಾಗ ನಡುವೆ ಪುಸ್ ಅಂತ ಸಡಿಲಾದರೆ ಸೀಲು ಹೋಗಿದೆ ಅಂತಲೇ ಅರ್ಥ.

ಪಿಸಿಪಿ ತಗೊಂಡರೆ ಸಿಲಿಂಡರಿನ ವಿಷಯದಲ್ಲಿ ಜಿಪುಣತನವೂ ಬೇಡ, ಉಡಾಫೆಯೂ ಬೇಡ. ಈಗಿನ ಬಹುತೇಕ ಮ್ಯಾಚ್ ರೈಫಲುಗಳದು 200 ಬಾರ್ (ಗಾಳಿಯ ಒತ್ತಡದ ಅಳತೆ) ಸಿಲಿಂಡರು. ವಾಲ್ಥರ್‌ನ ಕೆಲವು 300 ಬಾರ್‌ನವು. ಸಿಲಿಂಡರಿನ ಮೈಮೇಲೆ ತಯಾರಾದ ತಿಂಗಳು, ವರ್ಷ ಕೆತ್ತಿರುತ್ತದೆ. ಜರ್ಮನ್ ಕಂಪನಿಗಳು ಸಾಮಾನ್ಯವಾಗಿ ಹತ್ತು ವರ್ಷದ ಆಯುಷ್ಯ ಹೇಳುತ್ತವೆ. ಅವಧಿ ಮೀರಿದ ಸಿಲಿಂಡರ್ ಬದಲಿಸುವ ಹೊಣೆ ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟ) ನಿಯಮದಲ್ಲಿ ಆಟಗಾರನದೇ. ಸೆಕೆಂಡ್ ಹ್ಯಾಂಡ್ ರೈಫಲಿನ ಬೆಲೆ ನಂಬಲಾಗದಷ್ಟು ಇಳಿದಿದ್ದರೆ ಮೊದಲು ಆ ಕೆತ್ತನೆ ಓದಿ. 2016ರ ಸಿಲಿಂಡರು ಅಂದರೆ ರೈಫಲಿನ ಬೆಲೆಗೆ ಹೊಸ ಸಿಲಿಂಡರಿನ ಬೆಲೆಯನ್ನೂ ಕೂಡಿಸಿಯೇ ಚೌಕಾಸಿ ಮಾಡಬೇಕು.

ಗಾಳಿ ಎಲ್ಲಿಂದ? ಪಂಕ್ಚರ್ ಅಂಗಡಿಯ ಕಂಪ್ರೆಸರ್ ಎಂಟು-ಹತ್ತು ಬಾರ್ ಕೊಟ್ಟರೆ ಹೆಚ್ಚು, ಅದು ಇಲ್ಲಿ ಲೆಕ್ಕಕ್ಕಿಲ್ಲ. ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನ ವೆಲ್ಡಿಂಗ್ ಶೆಡ್‌ನಲ್ಲಿ ಎತ್ತರದ ಆಕ್ಸಿಜನ್ ಸಿಲಿಂಡರು ನಿಂತಿರುತ್ತವೆ, ಒತ್ತಡವೂ ಸಾಕಷ್ಟಿರುತ್ತದೆ. ಅದರ ಹತ್ತಿರ ರೈಫಲ್ ಸಿಲಿಂಡರ್ ಒಯ್ಯಲೇಬೇಡಿ. ಒತ್ತಡದ ಆಕ್ಸಿಜನ್‌ಗೆ ಸೀಲಿನ ಗ್ರೀಸಿನ ಒಂದು ತೊಟ್ಟು ತಾಗಿದರೂ ಕಿಡಿ ಬೇಕಾಗಿಲ್ಲ, ತಾನೇ ಹೊತ್ತಿ ಸಿಡಿಯುತ್ತದೆ. ರೈಫಲಿಗೆ ಒಣ ಗಾಳಿ ಮಾತ್ರ.

ಉಳಿದದ್ದು ಎರಡು ದಾರಿ. ಡೈವಿಂಗ್‌ನವರು ಬಳಸುವ 10 ಲೀಟರ್, 300 ಬಾರ್ ಸಿಲಿಂಡರ್ ನಾಲ್ಕು ಮನೆಯವರು ಕೂಡಿ ತಗೊಂಡರೆ ಲಾಭ. ರೈಫಲ್ ಸಿಲಿಂಡರಿನ ಒಳಗಾತ್ರ 200 ಸಿಸಿ ಅಂತ ಹಿಡಿಯಿರಿ. 100 ಬಾರ್‌ನಿಂದ 200ಕ್ಕೆ ಏರಿಸಲು 20 ಲೀಟರ್ ಬಿಡಿ ಗಾಳಿ ಸಾಕು. ದೊಡ್ಡದು 300ರಿಂದ 200ಕ್ಕೆ ಇಳಿಯುವಷ್ಟರಲ್ಲಿ 1000 ಲೀಟರ್ ಕೊಡುತ್ತದೆ, ಅಂದರೆ ಸುಮಾರು ಐವತ್ತು ಸಲ ಪೂರ್ತಿ ತುಂಬಬಹುದು. ದೊಡ್ಡ ಸಿಲಿಂಡರೇ 200 ಬಾರ್‌ನದಾದರೆ ಈ ಲೆಕ್ಕ ಕೆಡುತ್ತದೆ: ಮೊದಲ ಸಲದ ನಂತರ ಪ್ರತಿ ಸಲವೂ ಸ್ವಲ್ಪ ಕಡಿಮೆಯೇ ತುಂಬುತ್ತದೆ. ಇನ್ನೊಂದು ದಾರಿ ಕೈಪಂಪು, ಮೂರು ಹಂತದ್ದು. ಅಗ್ಗ, ಆದರೆ ಮಳೆಗಾಲದ ಧಾರವಾಡದಲ್ಲಿ ಗಾಳಿಯ ಜೊತೆ ನೀರನ್ನೂ ಒಳಗೆ ದಬ್ಬುತ್ತದೆ. ನಲವತ್ತು-ಐವತ್ತು ಸಲ ಒತ್ತಿದ ಮೇಲೆ ನಿಲ್ಲಿಸಿ, ಬ್ಲೀಡ್ ಸ್ಕ್ರೂ ಬಿಚ್ಚಿ ಬಸಿದು, ಪಂಪು ತಣ್ಣಗಾಗಲು ಬಿಟ್ಟು ಮತ್ತೆ ಶುರು ಮಾಡಬೇಕು. ಒಂದೇ ಉಸಿರಿಗೆ ತುಂಬಿದರೆ ಪಂಪಿನ ಸೀಲು ಬೆಂದು ಹೋಗುತ್ತದೆ.

ದೊಡ್ಡ ಸಿಲಿಂಡರಿಗೂ ರೈಫಲ್ ಸಿಲಿಂಡರಿಗೂ ಕೊಂಡಿಯಾಗುವ ಅಡಾಪ್ಟರ್ ಮರೆಯಬೇಡಿ. ಒಂದು ಕಂಪನಿಯ ಸಿಲಿಂಡರ್ ಥ್ರೆಡ್ಡು ಇನ್ನೊಂದರ ಅಡಾಪ್ಟರಿಗೆ ಕೂಡುತ್ತದೆ ಅಂತ ನಂಬಿ ತರಬೇಡಿ. ರೈಫಲ್ ಜೊತೆಗೇ ಅದರದೇ ಡಿನ್ ಅಡಾಪ್ಟರು ಬಂತೇ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ. ತುಂಬುವಾಗ ದೊಡ್ಡ ಸಿಲಿಂಡರಿನ ಕೀಲಿಯನ್ನು ಕೂದಲೆಳೆಯಷ್ಟು ತೆರೆಯಬೇಕು. ಮೀಟರಿನ ಮುಳ್ಳು ಗಡಿಯಾರದ ದೊಡ್ಡ ಮುಳ್ಳಿನಂತೆ ಏರಬೇಕು, ಜಿಗಿಯಬಾರದು. ಬೇಗ ತುಂಬಿದ ಗಾಳಿ ಬಿಸಿ ಇರುತ್ತದೆ: ಮೀಟರ್ 200 ತೋರಿಸಿದ್ದು ಹತ್ತು ನಿಮಿಷದ ಮೇಲೆ 185ಕ್ಕೆ ಬಂದು ಕೂಡುತ್ತದೆ. ಅದನ್ನು ನೋಡಿ "ಲೀಕ್ ಐತ್ರಿ" ಅಂತ ಗಾಬರಿಯಾಗುವವರು ಬಹಳ. ಇದಕ್ಕೆ ಉಲ್ಟಾ ಸಂಗತಿ ಬೇಸಿಗೆಯದು. 27 ಡಿಗ್ರಿಯಲ್ಲಿ 200 ಬಾರ್ ತುಂಬಿದ ಸಿಲಿಂಡರನ್ನು ಏಪ್ರಿಲ್ ಮಧ್ಯಾಹ್ನ ಮುಚ್ಚಿದ ಕಾರಿನಲ್ಲಿ ಬಿಟ್ಟು, ಒಳಗೆ 60 ಡಿಗ್ರಿ ಆದರೆ ಒತ್ತಡ 222 ಬಾರ್. ಬೇಸಿಗೆಯಲ್ಲಿ 180ರವರೆಗೆ ತುಂಬಿ ನಿಲ್ಲಿಸುವುದು ಜಾಣತನ, ಅರವತ್ತು ಹೊಡೆತದ ಪಂದ್ಯಕ್ಕೆ ಅದು ಬೇಕಾದಷ್ಟಾಯಿತು.

ಈಗ ಬಟ್ ಪ್ಲೇಟು. ಇಡೀ ರೈಫಲಿನಲ್ಲಿ ಇದಕ್ಕಿಂತ ದೊಡ್ಡ ಫಲ ಕೊಡುವ ಸಾಮಾನು ಇಲ್ಲ, ಹೊಸಬರು ಇದಕ್ಕಿಂತ ಕಡಿಮೆ ಗಮನ ಕೊಡುವ ಸಾಮಾನೂ ಇಲ್ಲ. ರೈಫಲಿನ ಜೊತೆ ಬರುವ ಸಾದಾ ಪ್ಲೇಟು ಮೇಲೆ-ಕೆಳಗೆ ಸರಿಯುತ್ತದೆ, ಉದ್ದ ಹೆಚ್ಚು-ಕಡಿಮೆ ಆಗುತ್ತದೆ, ಅಷ್ಟೇ. ನಿಂತು ಹೊಡೆಯುವಾಗ ಭುಜದ ಗುಣಿ ನೇರ ಹಿಂದಕ್ಕೆ ಇರುವುದಿಲ್ಲ, ಹೊರಕ್ಕೆ ವಾಲಿರುತ್ತದೆ. ಪ್ಲೇಟು ಆ ಓರೆಗೆ ತಿರುಗಬೇಕು, ಮೇಲಿನ ರೆಕ್ಕೆ, ಕೆಳಗಿನ ರೆಕ್ಕೆ ಬೇರೆ ಬೇರೆಯಾಗಿ ಬಾಗಬೇಕು. ಎಂಇಸಿ, ಟೆಕ್-ಹ್ರೋ ಕಂಪನಿಗಳ ಪ್ಲೇಟುಗಳು ಇದನ್ನು ಮಾಡುತ್ತವೆ. ಬೆಲೆ ಕೇಳಿ ತಲೆ ತಿರುಗುವುದು ಸಹಜ, ಆದರೂ ಎಆರ್20ಗೆ ಅಂಥ ಪ್ಲೇಟು ಹಾಕಿದ ಜೋಡಿ, ಸಾದಾ ಪ್ಲೇಟಿನ ದುಬಾರಿ ರೈಫಲಿಗಿಂತ ಹೊಸಬರಿಗೆ ಹೆಚ್ಚು ಉಪಯೋಗ. ಕೊಳ್ಳುವ ಮುಂಚೆ ನಿಮ್ಮ ಸ್ಟಾಕಿನ ಕಂಬಿಯ ಅಳತೆ, ಸ್ಕ್ರೂ ತೂತುಗಳ ಅಂತರ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಅಡಾಪ್ಟರ್ ಪಟ್ಟಿ ಬೇಕು.

ಹೊಂದಿಸುವ ಕ್ರಮ ಹೀಗೆ. ಜಾಕೆಟ್ ಹಾಕಿಕೊಂಡೇ ಕೆಲಸ ಶುರು ಮಾಡಬೇಕು. ಬನಿಯನ್ ಮೇಲೆ ಹೊಂದಿಸಿದ ಉದ್ದ ಜಾಕೆಟ್ಟಿನ ಮೇಲೆ ಸುಳ್ಳಾಗುತ್ತದೆ. ಕಣ್ಣು ಮುಚ್ಚಿ ರೈಫಲ್ ಎತ್ತಿ ಭುಜಕ್ಕೆ ಕೂಡಿಸಿ, ಕೆನ್ನೆ ಒರಗಿಸಿ, ಎರಡು ಉಸಿರು ಬಿಟ್ಟು ಕಣ್ಣು ತೆರೆಯಿರಿ. ರಿಯರ್ ಸೈಟಿನ ತೂತಿನ ನಡುವೆ ಫ್ರಂಟ್ ಸೈಟಿನ ಸುರಂಗ (ದುಂಡನೆಯ ಕೊಳವೆ) ತಾನಾಗಿಯೇ ಕೂತಿದ್ದರೆ ಸರಿ. ಸುರಂಗ ಮೇಲೆ ಸರಿದಿದ್ದರೆ ಕಣ್ಣು ಮೇಲಿದೆ, ಚೀಕ್ ಪೀಸ್ (ಕೆನ್ನೆ ಒರಗುವ ಪಟ್ಟಿ) ಇಳಿಸಿ. ಕೆಳಗೆ ಸರಿದಿದ್ದರೆ ಏರಿಸಿ. ಕತ್ತು ಮುಂದೆ ಚಾಚುತ್ತಿದ್ದರೆ ಬಟ್ ಉದ್ದ ಹೆಚ್ಚಾಗಿದೆ. ಒಂದು ಸಲಕ್ಕೆ ಒಂದೇ ಸ್ಕ್ರೂ, ಎರಡು ಮಿ.ಮೀ ಮಾತ್ರ, ಮುಂದಿನ ಇಪ್ಪತ್ತು ಹೊಡೆತ ಅದೇ ಅಳತೆಯಲ್ಲಿ. ಮೂರು ಸ್ಕ್ರೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟಿತು ಬ್ರಹ್ಮನಿಗೂ ತಿಳಿಯುವುದಿಲ್ಲ. ಹಳೆ ಜಾಗ ಮರೆಯದಿರಲು ಕಂಬಿಯ ಮೇಲೆ ಪೆನ್ಸಿಲ್ ಗೆರೆ ಎಳೆದು ಅಳತೆ ವಹಿಯಲ್ಲಿ ಬರೆದಿಡಿ. ನಿಯಮದ ಎಲ್ಲೆಯೂ ಲಕ್ಷ್ಯದಲ್ಲಿರಲಿ: ಪ್ಲೇಟಿನ ಕೆಳತುದಿ ಬ್ಯಾರೆಲಿನ ನಡುಗೆರೆಯಿಂದ 220 ಮಿ.ಮೀಗಿಂತ ಕೆಳಗೆ ಇಳಿಯಬಾರದು, ಒಳಬಾಗು 20 ಮಿ.ಮೀ ಮೀರಬಾರದು.

ಬೆಳೆಯುವ ಮಕ್ಕಳಿಗೆ ಇದೆಲ್ಲ ಮೂರು-ನಾಲ್ಕು ತಿಂಗಳಿಗೊಮ್ಮೆ ಮತ್ತೆ.

ಸೈಟಿನ ವಿಷಯದಲ್ಲಿ ಒಂದು ಲೆಕ್ಕ ನೋಡಿದರೆ ಸಾಕು. ಎರಡು ಸೈಟುಗಳ ನಡುವೆ 800 ಮಿ.ಮೀ ಅಂತರ ಇದೆ ಅಂದುಕೊಳ್ಳಿ. ರಿಯರ್ ಸೈಟು ತನ್ನ ಜಾಗದಲ್ಲಿ 0.1 ಮಿ.ಮೀ ಅಲುಗಿದರೆ ಹತ್ತು ಮೀಟರಿನಲ್ಲಿ ಹೊಡೆತ 1.25 ಮಿ.ಮೀ ಸರಿಯುತ್ತದೆ. ದಶಮಾಂಶದ ಎಣಿಕೆಯಲ್ಲಿ 0.1 ಅಂಕಕ್ಕೆ 0.25 ಮಿ.ಮೀ. ಅಂದರೆ 10.6 ಆಗಬೇಕಾದದ್ದು 10.1. ಹಾಗಾಗಿ ರಿಯರ್ ಸೈಟಿನಲ್ಲಿ ನೋಡಬೇಕಾದದ್ದು ಥಳುಕಲ್ಲ, ಹಲ್ಲು ಸಡಿಲಿದೆಯೇ ಅನ್ನುವುದು. ಪರೀಕ್ಷೆ ಸುಲಭ. ಐದು ಹೊಡೆತ ಹೊಡೆದು, ಇಪ್ಪತ್ತು ಕ್ಲಿಕ್ ಬಲಕ್ಕೆ, ಇಪ್ಪತ್ತು ಮೇಲಕ್ಕೆ, ಇಪ್ಪತ್ತು ಎಡಕ್ಕೆ, ಇಪ್ಪತ್ತು ಕೆಳಕ್ಕೆ ತಿರುಗಿಸಿ ಪ್ರತಿ ಮೂಲೆಯಲ್ಲೂ ಐದೈದು ಹೊಡೆಯಿರಿ. ಕೊನೆಯ ಐದು ಮೊದಲಿನ ಐದರ ಮೇಲೇ ಬಿದ್ದರೆ ಸೈಟು ಛಲೋ. ಬೀಳದಿದ್ದರೆ ಹೆಸರು ಯಾವುದೇ ಇರಲಿ, ವಾಪಸ್.

ಫ್ರಂಟ್ ಸೈಟಿನ ರಿಂಗಿನಲ್ಲಿ ಹೊಸಬರೆಲ್ಲ ಒಂದೇ ತಪ್ಪು ಮಾಡುತ್ತಾರೆ: ಸಣ್ಣ ರಿಂಗ್ ಹಾಕಿದರೆ ನಿಖರತೆ ಹೆಚ್ಚು ಅಂತ. ಗುರಿಹಲಗೆಯ ಕಪ್ಪು ವೃತ್ತದ ಅಗಲ 30.5 ಮಿ.ಮೀ. ಕಣ್ಣಿನಿಂದ ಫ್ರಂಟ್ ಸೈಟಿಗೆ ಸುಮಾರು 88 ಸೆಂ.ಮೀ ಆದರೆ, ಆ ಕಪ್ಪು ರಿಂಗಿನೊಳಗೆ 2.7 ಮಿ.ಮೀ ಅಗಲದ ಚುಕ್ಕೆಯಾಗಿ ಕಾಣುತ್ತದೆ. 3.2ರ ರಿಂಗ್ ಹಾಕಿದರೆ ಸುತ್ತ ಉಳಿಯುವ ಬಿಳಿ ಕಾಲು ಮಿ.ಮೀ ಮಾತ್ರ. ರೈಫಲ್ ಚೂರು ತೂಗಿದರೂ ಕಪ್ಪು ರಿಂಗಿಗೆ ಮುಟ್ಟುತ್ತದೆ, ಕಣ್ಣು ಹೆದರುತ್ತದೆ, ಬೆರಳು ತಡಮಾಡುತ್ತದೆ, ಕೊನೆಗೆ ಟ್ರಿಗರ್ ಜಗ್ಗಿಯೇ ಬಿಡುತ್ತಾರೆ. 4.0ರ ಆಸುಪಾಸಿನಲ್ಲಿ ಶುರು ಮಾಡಿ. ತೂಗಾಟ ಹೆಚ್ಚಿರುವ ಮಕ್ಕಳಿಗೆ 4.3 ಆದರೂ ನಡೆಯುತ್ತದೆ. ತಿರುಗಿಸಿ ಅಗಲ ಬದಲಿಸುವ ಐರಿಸ್ ರಿಂಗ್ ಸಿಕ್ಕರೆ ಒಳ್ಳೆಯದು. ಅಷ್ಟು ರೊಕ್ಕ ಬೇಡವಾದರೆ ನಾಲ್ಕು ಅಳತೆಯ ಪ್ಲಾಸ್ಟಿಕ್ ಇನ್ಸರ್ಟ್ ಸಾಕು. ಸುರಂಗದ ಅಳತೆ ಎಂ18ರದೋ ಎಂ22ರದೋ ನೋಡಿಕೊಂಡು ತರಬೇಕು, ಒಂದರ ಇನ್ಸರ್ಟು ಇನ್ನೊಂದಕ್ಕೆ ಕೂಡುವುದಿಲ್ಲ.

ರಿಯರ್ ಸೈಟಿನ ಐರಿಸ್ 1.0ರಿಂದ 1.2 ಮಿ.ಮೀ ನಡುವೆ ಇರಲಿ. ರೇಂಜಿನಲ್ಲಿ ಬೆಳಕು ಕಡಿಮೆ ಅನ್ನಿಸಿದಾಗ ಇದನ್ನು ಅಗಲಿಸಬಹುದು, ಆದರೆ ಅಗಲಿಸಿದಷ್ಟೂ ಫ್ರಂಟ್ ರಿಂಗಿನ ಅಂಚು ಮಸುಕಾಗುತ್ತದೆ. ಬಣ್ಣದ ಫಿಲ್ಟರುಗಳ ಪೂರ್ತಿ ಸೆಟ್ಟು ಮಾರುವವರು ಸಿಗುತ್ತಾರೆ, ಮೊದಲ ವರ್ಷ ಅದರ ಗೊಡವೆ ಬೇಡ.

ಸೈಟು ಎತ್ತರಿಸುವ ರೈಸರ್ ಬ್ಲಾಕ್ ಕತ್ತು ಉದ್ದ ಇರುವವರಿಗೆ ಬೇಕೇ ಬೇಕು. ಮುಂದೆ-ಹಿಂದೆ ಎರಡೂ ಒಂದೇ ಎತ್ತರದವು ಇರಲಿ. ಇದರ ಜೊತೆಗೆ ಬರುವ ಮಾತು ರೈಫಲಿನ ವಾಲಿಕೆ. ಪೆಲೆಟ್ ಹತ್ತು ಮೀಟರ್ ದಾಟುವಷ್ಟರಲ್ಲಿ ಸುಮಾರು 16 ಮಿ.ಮೀ ಕೆಳಗಿಳಿಯುತ್ತದೆ. ಅದನ್ನು ಸೈಟು ನೇರ ನಿಂತಾಗಷ್ಟೇ ಸರಿದೂಗಿಸುತ್ತದೆ. ಸೈಟು ಕೂಡಿಸಿದಾಗ ಇದ್ದದ್ದಕ್ಕಿಂತ ರೈಫಲ್ 5 ಡಿಗ್ರಿ ಬಲಕ್ಕೆ ವಾಲಿದರೆ ಹೊಡೆತ 1.4 ಮಿ.ಮೀ ಬಲಕ್ಕೆ ಹೋಗುತ್ತದೆ, ಸ್ವಲ್ಪ ಕೆಳಕ್ಕೂ. ವಾಲಿಸಿ ಹಿಡಿಯುವುದು ತಪ್ಪಲ್ಲ, ಒಂದೊಂದು ಹೊಡೆತಕ್ಕೆ ಒಂದೊಂದು ಥರ ವಾಲಿಸುವುದು ತಪ್ಪು. ಅಡ್ಡಪಟ್ಟಿ ಇರುವ ಫ್ರಂಟ್ ಇನ್ಸರ್ಟು ಹಾಕಿದರೆ ಇದು ಕಣ್ಣಿಗೆ ಬೀಳುತ್ತದೆ. ಫ್ರಂಟ್ ಸೈಟು ಬ್ಯಾರೆಲಿನ ತುದಿಗಿಂತ ಮುಂದೆ ಚಾಚಿರಬಾರದು ಅನ್ನುವುದನ್ನು ಸಾಮಾನು ಪರೀಕ್ಷೆಯವರು ಮೊದಲೇ ನೋಡುತ್ತಾರೆ.

ಪೆಲೆಟ್ಟು. ಮುಂಭಾಗ ಚಪ್ಪಟೆ ಇರುವ ವಾಡ್‌ಕಟರ್ ಮಾತ್ರ, ಕಾಗದದಲ್ಲಿ ಗುಂಡನೆಯ ಸ್ವಚ್ಛ ತೂತು ಮಾಡುವುದು ಅದೇ. ರೈಫಲಿಗೆ 0.53 ಗ್ರಾಂ, ಪಿಸ್ತೂಲಿಗೆ ಹಗುರದ 0.45. ಡಬ್ಬಿಯ ಮೇಲೆ 4.49, 4.50, 4.51 ಅಂತ ತಲೆಯ ಅಳತೆ ಬರೆದಿರುತ್ತದೆ. ಯಾವುದು ನಿಮ್ಮ ಬ್ಯಾರೆಲಿಗೆ ಒಪ್ಪುತ್ತದೆ ಅನ್ನುವುದು ಬಾಯಿಮಾತಿನಲ್ಲಿ ತಿಳಿಯುವುದಲ್ಲ. ಆರ್‌ಡಬ್ಲ್ಯೂಎಸ್ ಆರ್10, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್ ಇವುಗಳ ಎರಡು-ಮೂರು ಅಳತೆಯ ಡಬ್ಬಿ ನಾಲ್ಕು ಜನ ಹಂಚಿಕೊಂಡು, ರೈಫಲನ್ನು ವೈಸ್‌ಗೆ ಬಿಗಿದು ಹತ್ತತ್ತು ಹೊಡೆದು ನೋಡಿ. ಗುಂಪಿನ ಹೊರ ಅಂಚಿನಿಂದ ಅಂಚಿಗೆ 6 ಮಿ.ಮೀ ಒಳಗೆ ಬಂದದ್ದು ಪಂದ್ಯಕ್ಕೆ ಸಾಕು. ಒಪ್ಪಿದ ಅಳತೆ ಸಿಕ್ಕ ಮೇಲೆ ಅದೇ ಬ್ಯಾಚ್ ನಂಬರಿನ ನಾಲ್ಕೈದು ಡಬ್ಬಿ ಒಟ್ಟಿಗೆ ಎತ್ತಿಡಿ. ಬಸ್ಸಿನಲ್ಲಿ ಚೀಲದೊಳಗೆ ಉರುಳಾಡಿದ ಡಬ್ಬಿಯಲ್ಲಿ ಪೆಲೆಟ್ಟಿನ ಲಂಗ (ಹಿಂದಿನ ತೆಳು ಅಂಚು) ಮಡಚಿರುತ್ತದೆ, ಆ ಮಡಿಕೆ ಉಗುರಿಗೆ ಚೂರು ಸಿಕ್ಕರೂ ಅದನ್ನು ಪಂದ್ಯಕ್ಕೆ ಬಳಸಬೇಡಿ.

ತೂಕದ ಬಿಲ್ಲೆಗಳನ್ನು ಮಾತ್ರ ಹೊರಗಿನಿಂದ ತರಿಸುವ ಅಗತ್ಯವೇ ಇಲ್ಲ. ರೈಫಲಿನ ಒಟ್ಟು ತೂಕ 5.5 ಕಿಲೊ ಮೀರಬಾರದು. ಹೊಸಬರಿಗೆ, ಅದರಲ್ಲೂ ಮಕ್ಕಳಿಗೆ, 4ರಿಂದ 4.5 ಸಾಕು. ಗೋಕುಲ ರಸ್ತೆಯಲ್ಲೋ ತಾರಿಹಾಳದಲ್ಲೋ ಲೇಥ್ ಇಟ್ಟುಕೊಂಡವರಿಗೆ ನಕ್ಷೆ ಕೊಟ್ಟರೆ 50, 100 ಗ್ರಾಂನ ಹಿತ್ತಾಳೆ ಅಥವಾ ಸ್ಟೀಲಿನ ಬಿಲ್ಲೆಗಳನ್ನು ತೂಕಕ್ಕೆ ಸರಿಯಾಗಿ ಕಡೆದು ಕೊಡುತ್ತಾರೆ. ಸ್ಟಾಕಿನ ಸ್ಕ್ರೂ ಯಾವ ಅಳತೆಯದು ಅಂತ ಒಂದು ಸ್ಕ್ರೂ ಬಿಚ್ಚಿ ಒಯ್ದು ತೋರಿಸಿ. ಬಿಲ್ಲೆಗಳು ಎಡಗೈ ಆನಿಸುವ ಜಾಗದ ಹತ್ತಿರ ಇರಲಿ. ಬ್ಯಾರೆಲಿನ ತುದಿಗೆ ತೂಕ ಹಾಕಿದರೆ ಮೊದಲ ಹತ್ತು ಹೊಡೆತ ಸ್ಥಿರ ಅನ್ನಿಸುತ್ತದೆ, ನಲವತ್ತರ ಹೊತ್ತಿಗೆ ನಡು ಹಿಡಿಯುತ್ತದೆ.

ಟ್ರಿಗರ್ ಬಗ್ಗೆ ಹೆಚ್ಚೇನಿಲ್ಲ. ಈ ದರ್ಜೆಯ ಎಲ್ಲ ರೈಫಲುಗಳದ್ದೂ ಒಳ್ಳೆಯದೇ. ಮೊದಲ ಹಂತದ ಸೆಳೆತ ಸ್ಪಷ್ಟವಾಗಿ ತಿಳಿಯಬೇಕು, ಒಟ್ಟು 100 ಗ್ರಾಂ ಆಸುಪಾಸಿನಲ್ಲಿ ಶುರು ಮಾಡಿ. ಅಲಗನ್ನು ಹಿಂದೆ-ಮುಂದೆ ಸರಿಸಿ ಬೆರಳಿನ ಮೊದಲ ಗಿಣ್ಣಿನ ಮೆತ್ತನೆ ಭಾಗ ಅದರ ಮೇಲೆ ಕೂಡುವಂತೆ ಮಾಡಿಕೊಳ್ಳಿ. ಕೈಪಿಡಿಯಲ್ಲಿ ಕಾರ್ಖಾನೆಯ ಅಳತೆ ಅಂತ ಗುರುತು ಮಾಡಿದ ಸ್ಕ್ರೂಗೆ ಕೈ ಹಾಕಬೇಡಿ. ಅದು ಹೆಚ್ಚು ತಿರುಗಿದರೆ ಬೋಲ್ಟ್ ಮುಚ್ಚಿದೊಡನೆ ರೈಫಲ್ ತಾನೇ ಹಾರುತ್ತದೆ.

ಬೇಡದ ಸಾಮಾನು ಅಂಗಡಿಯಲ್ಲಿ ಬಹಳ. ಸ್ಲಿಂಗ್, ಅಂದರೆ ಪಟ್ಟಾ: ನಿಂತು ಹೊಡೆಯುವ ಹತ್ತು ಮೀಟರ್ ಸ್ಪರ್ಧೆಯಲ್ಲಿ ಅದಕ್ಕೆ ಅನುಮತಿಯೇ ಇಲ್ಲ, ಆದರೂ "ಸೆಟ್" ಅನ್ನುವ ಹೆಸರಿನಲ್ಲಿ ಸೇರಿಸಿ ಕೊಡುತ್ತಾರೆ. ದುರ್ಬೀನು, ಬೈಪಾಡ್ ಕೂಡ ಹಾಗೆಯೇ. ಉದ್ದನೆಯ ಬ್ಯಾರೆಲ್ ಟ್ಯೂಬ್ ಹಾಕಿಸಿಕೊಂಡರೆ ಮೆಕಾನಿಸಂ ಹಿಂಭಾಗದಿಂದ ಬ್ಯಾರೆಲ್ ತುದಿಯವರೆಗೆ 850 ಮಿ.ಮೀ ಮಿತಿ ದಾಟಿಬಿಡುವ ಅಪಾಯವಿದೆ. ಜಾಕೆಟ್ ಮಾತ್ರ ಬೇಕು, ಅದೂ ಕ್ಯಾನ್ವಾಸ್‌ನದು ಸಾಕು. ದಪ್ಪ ಒಂದು ಪದರಕ್ಕೆ 2.5 ಮಿ.ಮೀ ಮೀರಬಾರದು. ಮೈಗೆ ಬಿಗಿ ಇರುವಂಥದ್ದು ನೋಡಿ ತಗೊಳ್ಳಿ. "ಮುಂದ ಬೆಳೀತಾನ" ಅಂತ ಎರಡು ಸೈಜ್ ದೊಡ್ಡದು ಕೊಂಡರೆ ಆ ಜಾಕೆಟ್ಟು ಮೈಗೆ ಆಧಾರ ಕೊಡುವುದಿಲ್ಲ, ಬೆವರು ಮಾತ್ರ ಕೊಡುತ್ತದೆ.

ಎಲ್ಲ ಕೂಡಿಸುವ ದಿನ ಟೇಬಲ್ ಮೇಲೆ ಬಿಳಿ ಬಟ್ಟೆ ಹಾಸಿ. ನಮ್ಮ ಕಡೆಯ ಎರೆಮಣ್ಣಿನ ಧೂಳು ಕಣ್ಣಿಗೆ ಕಾಣದಷ್ಟು ನುಣ್ಣಗೆ, ಓ-ರಿಂಗ್ ಮೇಲೆ ಕೂತರೆ ಮರಳುಕಾಗದದ ಕೆಲಸ ಮಾಡುತ್ತದೆ. ಮೊದಲು ಸಿಲಿಂಡರ್ ಬಿಚ್ಚಿಟ್ಟು, ಬ್ಯಾರೆಲಿನಲ್ಲಿ ಪೆಲೆಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಬಟ್ ಪ್ಲೇಟು, ಚೀಕ್ ಪೀಸು, ಕೈ ಆನಿಕೆ, ಕೊನೆಗೆ ಸೈಟು. ಆಕ್ಷನ್ ಸ್ಕ್ರೂಗಳನ್ನು ಕೈಪಿಡಿ ಹೇಳಿದಷ್ಟೇ ನ್ಯೂಟನ್ ಮೀಟರಿಗೆ, ಟಾರ್ಕ್ ಪಾನಾದಿಂದ, ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಅಂದಾಜಿನ ಬಿಗಿತದಲ್ಲಿ ಒಂದು ಹೆಚ್ಚು ಒಂದು ಕಡಿಮೆ ಆದರೆ ಗುಂಪು ಎರಡಾಗಿ ಒಡೆಯುತ್ತದೆ: ಐದು ಇಲ್ಲಿ, ಐದು ಅಲ್ಲಿ. ಪೆಲೆಟ್ ಕೆಟ್ಟದ್ದು ಅಂತ ಡಬ್ಬಿ ಮೇಲೆ ಡಬ್ಬಿ ಬದಲಿಸುವವರ ರೈಫಲಿನಲ್ಲಿ ಹೆಚ್ಚಾಗಿ ಇದೇ ರೋಗ. ಬಿಗಿದ ಮೇಲೆ ಸ್ಕ್ರೂ ತಲೆಯಿಂದ ಸ್ಟಾಕಿನವರೆಗೆ ಉಗುರುಬಣ್ಣದ ಒಂದು ಸಣ್ಣ ಗೆರೆ ಎಳೆದುಬಿಡಿ. ಗೆರೆ ಒಡೆದಿದ್ದರೆ ಸ್ಕ್ರೂ ಸಡಿಲಾಗಿದೆ, ದೂರದಿಂದಲೇ ತಿಳಿಯುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವಾಗ ಸಿಲಿಂಡರ್ ತಾರೀಖು, ಸೈಟಿನ ಪರೀಕ್ಷೆ ಆದ ಮೇಲೆ ಇನ್ನೂ ಎರಡು ಉಂಟು. ಒಂದು, ರಾತ್ರಿ ಮೀಟರ್ ಎಷ್ಟಿತ್ತು, ಬೆಳಿಗ್ಗೆ ಎಷ್ಟಿದೆ ಅಂತ ನೋಡಲು ಒಂದು ದಿನ ಮನೆಯಲ್ಲಿಡಲು ಕೇಳಿ. ಒಪ್ಪದವರ ಹತ್ತಿರ ತಗೊಳ್ಳಬೇಡಿ. ಎರಡು, ಪೆಲೆಟ್ಟಿನ ವೇಗ ಅಳೆಯುವ ಕ್ರೋನೋಗ್ರಾಫ್ ಮುಂದೆ ಹತ್ತು ಹೊಡೆತ. ಅತಿ ವೇಗದ್ದಕ್ಕೂ ಅತಿ ನಿಧಾನದ್ದಕ್ಕೂ ಸೆಕೆಂಡಿಗೆ ಮೂರು ಮೀಟರಿಗಿಂತ ಹೆಚ್ಚು ಅಂತರ ಬಂದರೆ ರೆಗ್ಯುಲೇಟರ್ ಸರ್ವಿಸ್ ಕೇಳುತ್ತಿದೆ. ಒತ್ತಡ 70 ಬಾರ್ ಹತ್ತಿರ ಇಳಿದಾಗ ವೇಗ ಕುಸಿಯುವುದು ರೋಗವಲ್ಲ, ಗಾಳಿ ಮುಗಿದದ್ದು. ಪರೀಕ್ಷೆಗೆ 150ರ ಮೇಲಿರಲಿ.

ಮನೆಯಲ್ಲಿ ಅಭ್ಯಾಸಕ್ಕೆ ಹಳೆಯ ಧಾರವಾಡದ ಉದ್ದನೆಯ ಪಡಸಾಲೆಗಳು ಹೇಳಿ ಮಾಡಿಸಿದಂತಿವೆ. ಗುರಿಯ ನಡುಬಿಂದು ನೆಲದಿಂದ 1.40 ಮೀಟರ್, ಹಿಂದೆ ಓರೆಯಾದ ಉಕ್ಕಿನ ತಟ್ಟೆಯ ಪೆಲೆಟ್ ಪೆಟ್ಟಿಗೆ, ಆ ಬಾಜೂ ಬಾಗಿಲು ಇದ್ದರೆ ಚಿಲಕ. ಮಾಳಿಗೆಯ ಮೇಲೆ ಬೇಡ, ಎಂಟು ಜೂಲ್ ಕಣ್ಣು ತೆಗೆಯಲು ಸಾಕು. ಪೆಲೆಟ್ ಸೀಸದ್ದು, ಹೊಡೆದಾದ ಮೇಲೆ ಕೈ ಸಾಬೂನಿನಿಂದ ತೊಳೆಯದೆ ಊಟಕ್ಕೆ ಕೂಡಬಾರದು. ಅಂಗಡಿಯವರು ಬಿಲ್ಲಿಗೂ ಸೇರಿಸದೆ ಬಹಳ ಸಲ ಕೊಡಲು ಮರೆಯುವ ಸಾಮಾನು ಒಂದಿದೆ: ಬ್ಯಾರೆಲಿನ ಉದ್ದಕ್ಕೂ ಹಾಯ್ದು ಎರಡೂ ಕಡೆ ಕಾಣುವ ಕಿತ್ತಳೆ ಬಣ್ಣದ ಸೇಫ್ಟಿ ದಾರ. ಅದಿಲ್ಲದ ರೈಫಲನ್ನು ರೇಂಜಿನ ಬಾಗಿಲೊಳಗೆ ಬಿಡುವುದಿಲ್ಲ. ಕೇಳಿ ಇಸಿದುಕೊಳ್ಳಿ.